ಪಿಸ್ತೂಲಿನ ಗುಂಡು ಎಷ್ಟು ತೂಕವಿರಬೇಕು? ಪರವಾನಗಿದಾರರು ತಿಳಿದಿರಬೇಕಾದ ಸಂಗತಿಗಳು

ಬೆಂಗಳೂರು: ಆತ್ಮರಕ್ಷಣೆಗೆಂದು ಪಿಸ್ತೂಲು ಪರವಾನಗಿ ಪಡೆಯುವವರು ಆಯುಧದ ಬೆಲೆ, ತಯಾರಿಕೆ, ಗಾತ್ರಗಳ ಬಗ್ಗೆ ವಿಚಾರಿಸುವಷ್ಟು ಅದರಲ್ಲಿ ತುಂಬುವ ಕಾಡತೂಸಿನ ಬಗ್ಗೆ ವಿಚಾರಿಸುವುದಿಲ್ಲ. ಹಾರಿದ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುವ ಅಂಶಗಳಲ್ಲಿ ಅದರ ತೂಕವೂ ಒಂದು. ಯಲಹಂಕ ಬಳಿಯ ಪುಟ್ಟೇನಹಳ್ಳಿಯಂತೆ ಮನೆಗಳೂ ಅಪಾರ್ಟ್‌ಮೆಂಟುಗಳೂ ಒತ್ತೊತ್ತಾಗಿರುವ ಬಡಾವಣೆಗಳಲ್ಲಿ ಇದು ಆಯುಧ ಇಟ್ಟುಕೊಂಡವರ ಪ್ರಶ್ನೆ ಮಾತ್ರವಲ್ಲ, ನೆರೆಹೊರೆಯವರ ಪ್ರಶ್ನೆಯೂ ಹೌದು.

ನಮ್ಮಲ್ಲಿರುವ ಆಯ್ಕೆ

ಗುಂಡಿನ ತೂಕದ ಬಗ್ಗೆ ವಿದೇಶಗಳಲ್ಲಿ ನಡೆಯುವ ಚರ್ಚೆ ಬಹುಪಾಲು 9 ಎಂ.ಎಂ. ಪಿಸ್ತೂಲುಗಳ ಸುತ್ತ ಸುತ್ತುತ್ತದೆ. ಭಾರತದಲ್ಲಿ ಅದು ನಿಷೇಧಿತ ಬೋರ್; ಸಾಮಾನ್ಯ ನಾಗರಿಕರಿಗೆ ಲಭ್ಯವಿಲ್ಲ. ಬೆಂಗಳೂರು ನಗರ ವ್ಯಾಪ್ತಿಯಲ್ಲಿ ಪೊಲೀಸ್ ಆಯುಕ್ತರಿಂದ ಪರವಾನಗಿ ಪಡೆದವರು ಕೊಳ್ಳುವುದು ಹೆಚ್ಚಾಗಿ .32 ಬೋರಿನ ಪಿಸ್ತೂಲು ಅಥವಾ ರಿವಾಲ್ವರ್.

ಈ ಎರಡರ ಹೆಸರು ಒಂದೇ ಆದರೂ ಕಾಡತೂಸು ಒಂದೇ ಅಲ್ಲ. ಪಿಸ್ತೂಲಿಗೆ ಬೇಕಾದದ್ದು .32 ಎ.ಸಿ.ಪಿ. ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ ಇದು 1899ರಲ್ಲಿ ಬಳಕೆಗೆ ಬಂತು. 7.65 ಎಂ.ಎಂ. ಎಂಬುದೂ ಇದರದೇ ಹೆಸರು. 2014ರಲ್ಲಿ ಬಿಡುಗಡೆಯಾದ 'ನಿರ್ಭೀಕ್' ಸೇರಿದಂತೆ ದೇಶೀ ರಿವಾಲ್ವರುಗಳಿಗೆ ಬೇಕಾದದ್ದು .32 ಸ್ಮಿತ್ ಅಂಡ್ ವೆಸನ್ ಲಾಂಗ್. ಪಿಸ್ತೂಲಿನ ಕಾಡತೂಸು ರಿವಾಲ್ವರಿನೊಳಗೆ ಕೂರುವಂತೆ ಕಂಡರೂ ಅದನ್ನು ಹಾರಿಸುವುದು ಅಪಾಯಕಾರಿ. ಹೀಗಾಗಿ '.32 ಕೊಡಿ' ಎಂದರೆ ಸಾಲದು. ಕಾಡತೂಸಿನ ಪೂರ್ಣ ಹೆಸರು ಹೇಳಿಯೇ ಕೊಳ್ಳಬೇಕು.

ಗ್ರೇನ್ ಎಂಬ ಅಳತೆ

ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿ ಹೇಳುವುದು ರೂಢಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಪೊಟ್ಟಣದ ಮೇಲಿರುವ ಈ ಅಂಕಿ ಸಿಡಿಮದ್ದಿನದ್ದಲ್ಲ, ಇಡೀ ಕಾಡತೂಸಿನದ್ದೂ ಅಲ್ಲ. ನಳಿಕೆಯಿಂದ ಹೊರಬೀಳುವ ಗುಂಡಿನದ್ದು ಮಾತ್ರ. .32 ಎ.ಸಿ.ಪಿ.ಗೆ ರೂಢಿಯಲ್ಲಿರುವುದು 71 ಗ್ರೇನ್, ಅಂದರೆ ಸುಮಾರು 4.6 ಗ್ರಾಂ ತೂಕದ, ಪೂರ್ಣ ಲೋಹಕವಚದ ಗುಂಡು. ವಿದೇಶಗಳಲ್ಲಿ 60 ಗ್ರೇನಿನ, ತುದಿ ಟೊಳ್ಳಾದ ಗುಂಡುಗಳೂ ಇವೆ. ದೇಹದೊಳಗೆ ಅರಳಿ ಅಗಲವಾಗಲೆಂದೇ ಇವುಗಳ ರಚನೆ. ಅರಳುವ ಗುಂಡಿಗೆ 'ದಮ್‌ದಮ್' ಎಂಬ ಹೆಸರು ಬಂದದ್ದು ಕೋಲ್ಕತ್ತ ಸಮೀಪದ ದಮ್‌ದಮ್ ಕಾರ್ಖಾನೆಯಿಂದ.

ಹಗುರವೋ ಭಾರವೋ?

71 ಗ್ರೇನಿನ ಗುಂಡು ಸೆಕೆಂಡಿಗೆ ಸುಮಾರು 275 ಮೀಟರ್ ವೇಗದಲ್ಲಿ ಹೊರಡುತ್ತದೆ. 60 ಗ್ರೇನಿನದು ಸುಮಾರು 295 ಮೀಟರ್. ಲೆಕ್ಕ ಹಾಕಿದರೆ ಎರಡರ ಶಕ್ತಿಯೂ ಹೆಚ್ಚು ಕಡಿಮೆ ಒಂದೇ, 170 ಜೂಲ್ ಆಸುಪಾಸು. 9 ಎಂ.ಎಂ. ಗುಂಡಿನ ಶಕ್ತಿ ಇದರ ಎರಡೂವರೆ ಪಟ್ಟು. ನಳಿಕೆ ಗಿಡ್ಡವಾದಷ್ಟೂ ವೇಗ ಇನ್ನಷ್ಟು ತಗ್ಗುತ್ತದೆ. ಇಷ್ಟು ಅಲ್ಪ ಶಕ್ತಿಯಲ್ಲಿ ಗುಂಡು ಅರಳಿದರೆ ಆಳಕ್ಕೆ ಇಳಿಯುವುದಿಲ್ಲ. ಆಳಕ್ಕೆ ಇಳಿಯಬೇಕಾದರೆ ಅರಳಬಾರದು.

ಆಳ ಏಕೆ ಮುಖ್ಯ ಎಂಬುದಕ್ಕೆ 1986ರ ಏಪ್ರಿಲ್ 11ರಂದು ಅಮೆರಿಕದ ಮಯಾಮಿಯಲ್ಲಿ ನಡೆದ ಘಟನೆ ಸಾಕ್ಷಿ. ದರೋಡೆಕೋರನೊಬ್ಬನ ತೋಳನ್ನು ಹಾದು ಎದೆ ಹೊಕ್ಕ 115 ಗ್ರೇನಿನ 9 ಎಂ.ಎಂ. ಗುಂಡು ಹೃದಯ ಮುಟ್ಟುವ ಮೊದಲೇ ನಿಂತಿತು. ಆತ ಹೋರಾಟ ಮುಂದುವರಿಸಿದ. ಆ ಕಾಳಗದಲ್ಲಿ ಇಬ್ಬರು ಎಫ್‌ಬಿಐ ಅಧಿಕಾರಿಗಳು ಸತ್ತು ಐವರು ಗಾಯಗೊಂಡರು. ಬಳಿಕ ಎಫ್‌ಬಿಐ, ಜೆಲಾಟಿನ್ ಗಟ್ಟಿಗಳಲ್ಲಿ ಗುಂಡು 12ರಿಂದ 18 ಅಂಗುಲ ಇಳಿಯಬೇಕೆಂಬ ಮಾನದಂಡ ರೂಪಿಸಿತು. .32ರ ಲೋಹಕವಚದ ಗುಂಡು ಸಾಮಾನ್ಯವಾಗಿ ಈ ಆಳ ಮುಟ್ಟುತ್ತದೆ; ಟೊಳ್ಳುತುದಿಯ ಹಗುರ ಗುಂಡು ಹಲವು ಬಾರಿ ಮುಟ್ಟುವುದಿಲ್ಲ.

ಸಿಕ್ಕಿಕೊಳ್ಳುವ ಕಾಡತೂಸು

ಇನ್ನೊಂದು ತೊಡಕೂ ಇದೆ. .32 ಎ.ಸಿ.ಪಿ. ಕಾಡತೂಸಿನ ತಳದಲ್ಲಿ ಚಿಕ್ಕ ಅಂಚೊಂದು ಹೊರಚಾಚಿರುತ್ತದೆ. ಟೊಳ್ಳುತುದಿಯ ಕಾಡತೂಸಿನ ಉದ್ದ ಕಡಿಮೆಯಾದ್ದರಿಂದ ಅದು ಮ್ಯಾಗಜಿನ್‌ನೊಳಗೆ ಹಿಂದೆ ಮುಂದೆ ಜಾರಿ, ಮೇಲಿನ ಕಾಡತೂಸಿನ ಅಂಚು ಕೆಳಗಿನದರ ಹಿಂದೆ ಸಿಕ್ಕಿಕೊಳ್ಳಬಹುದು. ಆಗ ಪಿಸ್ತೂಲು ಕೆಲಸ ಮಾಡದು. ಸರಿಪಡಿಸಲು ಮ್ಯಾಗಜಿನ್ ಹೊರತೆಗೆಯಬೇಕಾಗುತ್ತದೆ. ತೂಕ ಬದಲಾದರೆ ಗುಂಡು ತಗಲುವ ಜಾಗವೂ ತುಸು ಮೇಲೆ ಕೆಳಗಾಗುತ್ತದೆ. ಆದ್ದರಿಂದ ಅಭ್ಯಾಸಕ್ಕೂ ಬಳಕೆಗೂ ಒಂದೇ ತೂಕದ, ಒಂದೇ ತಯಾರಿಕೆಯ ಕಾಡತೂಸು ಇಟ್ಟುಕೊಳ್ಳುವುದು ಲೇಸು. ಚಿಕ್ಕ ಪಿಸ್ತೂಲಿಗೆ 71 ಗ್ರೇನಿನ ಲೋಹಕವಚದ ಗುಂಡೇ ಸೂಕ್ತ ಎನ್ನಲು ಇವೇ ಕಾರಣ.

ಗುರಿಯ ಹಿಂದೆ ಯಾರಿದ್ದಾರೆ?

ಆದರೆ ಆಳಕ್ಕೆ ಇಳಿಯುವ ಗುಣವೇ ನಗರದಲ್ಲಿ ಅಪಾಯವೂ ಆಗಬಲ್ಲದು. ಗುರಿ ತಪ್ಪಿದ ಗುಂಡು ಬಾಗಿಲು, ಕಿಟಕಿ, ತೆಳು ಗೋಡೆಗಳನ್ನು ದಾಟಬಹುದು. ಬಯಲಿನಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಪುಟ್ಟೇನಹಳ್ಳಿಯ ಕೆರೆ ಏರಿಯಿಂದ ಅಷ್ಟು ದೂರದೊಳಗೆ ಎಷ್ಟು ಮನೆಗಳಿವೆ ಎಂಬುದನ್ನು ಊಹಿಸಿಕೊಂಡರೆ ಸಾಕು. ಈ ಅಪಾಯವನ್ನು ತೂಕದ ಆಯ್ಕೆಯಿಂದ ನೀಗಲಾಗದು. ತರಬೇತಿಯಿಂದ, ಸಂಯಮದಿಂದ ಮಾತ್ರ ತಗ್ಗಿಸಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷತಾ ತರಬೇತಿಗೆ ಒತ್ತು ಕೊಟ್ಟಿರುವುದೂ ಇದಕ್ಕೇ.

ಕಾನೂನೂ ಸಡಿಲವಾಗಿಲ್ಲ. 2019ರ ತಿದ್ದುಪಡಿಯ ಪ್ರಕಾರ ಅಜಾಗರೂಕತೆಯಿಂದ ಅಥವಾ ಸಂಭ್ರಮಾಚರಣೆಗೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ಒಡ್ಡಿದರೆ 2 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆತ್ಮರಕ್ಷಣೆಯ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆ ಮಾನ್ಯ ಮಾಡಿದರೂ, ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಲು ಅವಕಾಶ ಕೊಡುವುದಿಲ್ಲ.