ಮೇಬೆರಿಯ ನಿವಾಸಿಗಳೂ ಅತಿಥಿಗಳೂ: ಒಂದು ದೂರದರ್ಶನ ಪ್ರಹಸನದ ಪಾತ್ರವರ್ಗ

ಇತಿಹಾಸದ ಆಕರಗಳೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಶಾಸನ, ನಾಣ್ಯ, ಕಡತ, ಕಾಗದಪತ್ರಗಳು ನೆನಪಿಗೆ ಬರುತ್ತವೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧವನ್ನು ಅಭ್ಯಸಿಸುವವರು ಇವುಗಳೊಡನೆ ಮತ್ತೊಂದು ಬಗೆಯ ಆಕರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಕೋಟ್ಯಂತರ ಜನರು ತಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ವಾರವಾರವೂ ನೋಡಿದ ದೂರದರ್ಶನದ ಕಥಾಮಾಲಿಕೆಯೇ ಆ ಆಕರ. ನಗಿಸುವುದಕ್ಕಾಗಿಯೇ ರಚಿತವಾದುದರಿಂದ ಇತಿಹಾಸಕ್ಕೇನು ಪ್ರಯೋಜನವೆಂಬ ಸಂಶಯ ಸಹಜವಾದುದು. ಒಂದು ಸಮಾಜ ವಾಸ್ತವವಾಗಿ ಹೇಗಿತ್ತೆಂಬುದನ್ನು ಇಂಥ ಕೃತಿಗಳು ನೇರವಾಗಿ ಹೇಳುವುದಿಲ್ಲ, ನಿಜ. ಆದರೆ ಆ ಸಮಾಜ ತನ್ನನ್ನು ಹೇಗೆ ಕಾಣಲು ಬಯಸಿತ್ತೆಂಬುದನ್ನು ಇವುಗಳಷ್ಟು ಸ್ಪಷ್ಟವಾಗಿ ಹೇಳುವ ದಾಖಲೆಗಳು ವಿರಳ.

ಅಮೆರಿಕದ ಸಿ.ಬಿ.ಎಸ್. ಜಾಲದಲ್ಲಿ ೧೯೬೦ರ ಅಕ್ಟೋಬರ್ ೩ರಿಂದ ೧೯೬೮ರ ಏಪ್ರಿಲ್ ೧ರವರೆಗೆ ಪ್ರಸಾರವಾದ 'ದಿ ಆಂಡಿ ಗ್ರಿಫಿತ್ ಷೋ' ಎಂಬ ಹಾಸ್ಯಮಾಲಿಕೆ ಅಂಥದೊಂದು ದಾಖಲೆ. ಇದರಲ್ಲಿ ಒಟ್ಟು ೨೪೯ ಕಂತುಗಳಿವೆ. ಉತ್ತರ ಕ್ಯಾರೊಲಿನಾ ಸಂಸ್ಥಾನದಲ್ಲಿರುವುದಾಗಿ ಕಲ್ಪಿಸಲಾದ ಮೇಬೆರಿ ಎಂಬ ಸಣ್ಣ ಊರು ಇದರ ರಂಗಭೂಮಿ. ಪ್ರಸ್ತುತ ಲೇಖನದಲ್ಲಿ ಈ ಮಾಲಿಕೆಯ ಪಾತ್ರವರ್ಗವನ್ನು ಒಂದೇ ಒಂದು ದೃಷ್ಟಿಯಿಂದ ಪರಿಶೀಲಿಸಲು ಯತ್ನಿಸಿದೆ. ಈ ಊರಿನ ನಿವಾಸಿಗಳಾಗಿ ಯಾರು ನಿಂತರು, ಅತಿಥಿಗಳಾಗಿ ಯಾರು ಬಂದು ಹೋದರು, ಬಾಗಿಲಿನ ಹೊರಗೇ ಉಳಿದವರು ಯಾರು ಎಂಬುದೇ ಪ್ರಶ್ನೆ.

೧. ನಿವಾಸಿಗಳು

ಊರಿನ ಕೇಂದ್ರವ್ಯಕ್ತಿ ಷೆರೀಫ್ ಆಂಡಿ ಟೇಲರ್. ಷೆರೀಫನೆಂದರೆ ಜನರಿಂದ ಚುನಾಯಿತನಾಗಿ ಒಂದು ಪ್ರದೇಶದ ಶಾಂತಿಪಾಲನೆಯ ಹೊಣೆ ಹೊರುವ ಅಧಿಕಾರಿ. ಈ ಪಾತ್ರವನ್ನು ವಹಿಸಿದ ಆಂಡಿ ಗ್ರಿಫಿತ್ (೧೯೨೬-೨೦೧೨) ಉತ್ತರ ಕ್ಯಾರೊಲಿನಾದ ಮೌಂಟ್ ಏರಿ ಎಂಬ ಊರಿನಲ್ಲಿ ಹುಟ್ಟಿದವರು. ಹಳ್ಳಿಗನ ಸರಳವಾದ ಮಾತುಗಾರಿಕೆ ಅವರ ಬಂಡವಾಳ. ಆ ಸರಳತೆಯ ಹಿಂದೆ ಎಂಥ ಅಪಾಯ ಅಡಗಿರಬಹುದೆಂಬ ಅರಿವೂ ಅವರಿಗಿದ್ದಿರಬೇಕು. ಏಕೆಂದರೆ ೧೯೫೭ರಲ್ಲಿ ಈಲಿಯಾ ಕಜಾನ್ ಅವರ 'ಎ ಫೇಸ್ ಇನ್ ದಿ ಕ್ರೌಡ್' ಚಿತ್ರದಲ್ಲಿ, ಹಳ್ಳಿಮಾತಿನ ಮೋಡಿಯಿಂದ ದೂರದರ್ಶನದ ಪ್ರೇಕ್ಷಕರನ್ನು ಮರುಳುಮಾಡುವ ಅಧಿಕಾರಲೋಲುಪನ ಪಾತ್ರವನ್ನು ವಹಿಸಿದವರು ಅವರೇ. ಮೇಬೆರಿಯಲ್ಲಿ ಅದೇ ಮಾತುಗಾರಿಕೆ ವಿವೇಕದ ವಾಹಕವಾಯಿತು.

ಆಂಡಿಯ ಡೆಪ್ಯುಟಿ ಬಾರ್ನಿ ಫೈಫ್. ಈ ಪಾತ್ರಧಾರಿ ಡಾನ್ ನಾಟ್ಸ್ (೧೯೨೪-೨೦೦೬) ಪಶ್ಚಿಮ ವರ್ಜೀನಿಯಾದವರು. ಇವರಿಬ್ಬರೂ ಮೊದಲು ಜೊತೆಗೂಡಿದ್ದು ೧೯೫೫ರಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ಬಂದ 'ನೋ ಟೈಮ್ ಫಾರ್ ಸಾರ್ಜೆಂಟ್ಸ್' ನಾಟಕದಲ್ಲಿ. ನಗಿಸುವ ಹೊಣೆ ಗ್ರಿಫಿತ್ ಅವರದೇ ಆಗಬೇಕೆಂದು ಆರಂಭದಲ್ಲಿ ಯೋಜಿಸಲಾಗಿತ್ತು. ನಾಟ್ಸ್ ಬಂದ ಮೇಲೆ ಗ್ರಿಫಿತ್ ತಾವಾಗಿಯೇ ಹಿಂದೆ ಸರಿದು, ನಗೆಯನ್ನು ಅವರಿಗೆ ಬಿಟ್ಟುಕೊಟ್ಟು, ಗಂಭೀರನಾದ ಜೊತೆಗಾರನ ಪಾತ್ರವನ್ನು ಉಳಿಸಿಕೊಂಡರು. ಮಾಲಿಕೆಯ ಸಮತೋಲನಕ್ಕೆ ಈ ನಿರ್ಧಾರವೇ ಮುಖ್ಯ ಕಾರಣವೆನ್ನಬಹುದು. ಷೆರೀಫನು ಸಾಮಾನ್ಯವಾಗಿ ಬಂದೂಕನ್ನೇ ಧರಿಸುವುದಿಲ್ಲ. ಬಂದೂಕು ಧರಿಸುವ ಬಾರ್ನಿಗೆ ಒಂದೇ ಗುಂಡು, ಅದೂ ಅಂಗಿಯ ಜೇಬಿನಲ್ಲಿ. ದೇಶದ ದಕ್ಷಿಣ ಭಾಗದಲ್ಲಿ ಷೆರೀಫನೆಂಬ ಹೆಸರೇ ಹಲವರಲ್ಲಿ ಭೀತಿ ಹುಟ್ಟಿಸುತ್ತಿದ್ದ ಕಾಲದಲ್ಲಿ ಈ ಒಂದು ಗುಂಡಿನ ವಿನೋದ ನಡೆಯುತ್ತಿತ್ತೆಂಬುದನ್ನು ನೆನಪಿನಲ್ಲಿಡಬೇಕು.

ಆಂಡಿ ವಿಧುರ. ಅವನ ಮಗ ಓಪಿಯಾಗಿ ಅಭಿನಯಿಸಿದ ಬಾಲಕ ರಾನ್ ಹೋವರ್ಡ್ ಮುಂದೆ ಚಲನಚಿತ್ರ ನಿರ್ದೇಶಕರಾಗಿ 'ಎ ಬ್ಯೂಟಿಫುಲ್ ಮೈಂಡ್' (೨೦೦೧) ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಪಡೆದರು. ಮನೆಯನ್ನು ನಡೆಸುವ ಬೀ ಅತ್ತೆಯ ಪಾತ್ರದಲ್ಲಿದ್ದವರು ನ್ಯೂಯಾರ್ಕ್ ನಗರದಲ್ಲಿ ಹುಟ್ಟಿ ಅಲ್ಲಿಯ ರಂಗಭೂಮಿಯಲ್ಲಿ ಪಳಗಿದ ಫ್ರಾನ್ಸಿಸ್ ಬೇವಿಯರ್. ಕ್ಷೌರಿಕ ಫ್ಲಾಯ್ಡ್‌ನಾಗಿ ಹೋವರ್ಡ್ ಮೆಕ್ನಿಯರ್, ಶನಿವಾರ ರಾತ್ರಿ ಕುಡಿದು ಬಂದು ಸೆರೆಮನೆಯ ಕೋಣೆಗೆ ತಾನೇ ಬೀಗ ಹಾಕಿಕೊಳ್ಳುವ ಓಟಿಸ್ ಆಗಿ ಹಾಲ್ ಸ್ಮಿತ್, ಬಾರ್ನಿಯ ಪ್ರಿಯೆ ಥೆಲ್ಮಾ ಲೂ ಆಗಿ ಬೆಟ್ಟಿ ಲಿನ್ ಇವರು ಊರಿನ ಉಳಿದ ಪ್ರಮುಖರು. ಮೆಕ್ನಿಯರ್ ಅವರಿಗೆ ನಡುವೆ ಪಾರ್ಶ್ವವಾಯು ತಗುಲಿತು. ಚೇತರಿಸಿಕೊಂಡು ಮರಳಿದಾಗ ಅವರು ನಡೆಯಲಾರದವರಾಗಿದ್ದರು. ಅವರನ್ನು ಕೈಬಿಡದೆ, ಕುಳಿತೋ ಆಸರೆಗೆ ಒರಗಿಯೋ ಅಭಿನಯಿಸುವಂತೆ ದೃಶ್ಯಗಳನ್ನು ಹೊಂದಿಸಲಾಯಿತು. ತೆರೆಯ ಮೇಲಣ ಊರು ತನ್ನವರನ್ನು ಹೇಗೆ ಪೊರೆಯುತ್ತಿತ್ತೋ ತೆರೆಯ ಹಿಂದಿನ ತಂಡವೂ ತನ್ನವನನ್ನು ಹಾಗೆಯೇ ಪೊರೆಯಿತು.

೨. ಅತಿಥಿಗಳು

ಮೇಬೆರಿಯ ಕಥೆ ಆರಂಭವಾದುದೇ ಒಬ್ಬ ಆಗಂತುಕನಿಂದ. ೧೯೬೦ರ ಫೆಬ್ರವರಿ ೧೫ರಂದು, ಅದಾಗಲೇ ಜನಪ್ರಿಯವಾಗಿದ್ದ ಡ್ಯಾನಿ ಥಾಮಸ್ ಅವರ ಮಾಲಿಕೆಯ ಒಂದು ಕಂತಿನಲ್ಲಿ, ನಗರದ ಪ್ರಸಿದ್ಧ ಗಾಯಕನೊಬ್ಬ ಕಾರಿನಲ್ಲಿ ಹೋಗುತ್ತ ನಿಲುಗಡೆಯ ಫಲಕವನ್ನು ಲಕ್ಷಿಸದೆ ಮುಂದೆ ಸಾಗಿ ಷೆರೀಫನ ಕೈಗೆ ಸಿಕ್ಕಿಬೀಳುತ್ತಾನೆ. ಅವನು ಊರನ್ನು ಹಳಿಯುತ್ತಾನೆ, ಕೊನೆಗೆ ಮೆತ್ತಗಾಗುತ್ತಾನೆ. ಮುಂದಿನ ಎಂಟು ವರ್ಷಗಳ ಅತಿಥಿ ಪಾತ್ರಗಳಿಗೆಲ್ಲ ಇದೇ ಅಚ್ಚು.

ಇದರ ಅತ್ಯುತ್ತಮ ನಿದರ್ಶನ ೧೯೬೩ರ ಜನವರಿ ೧೪ರಂದು ಪ್ರಸಾರವಾದ 'ಮ್ಯಾನ್ ಇನ್ ಎ ಹರಿ' ಎಂಬ ಕಂತು. ರಾಬರ್ಟ್ ಎಮ್ಹಾರ್ಟ್ ಅಭಿನಯಿಸಿದ ಟಕರ್ ಎಂಬ ವ್ಯಾಪಾರಿಯ ಕಾರು ಭಾನುವಾರದಂದು ಮೇಬೆರಿಯ ಬಳಿ ಕೆಟ್ಟು ನಿಲ್ಲುತ್ತದೆ. ಅಂದು ರಿಪೇರಿ ಮಾಡುವವರಿಲ್ಲ. ದೂರವಾಣಿಯ ತಂತಿಯೂ ಇಬ್ಬರು ಮುದಿ ಸೋದರಿಯರ ಹರಟೆಯಿಂದ ಬಿಡುವಾಗದು. ಸಿಡಿಮಿಡಿಗೊಂಡ ಆತ ಸಂಜೆಯ ವೇಳೆಗೆ ಆಂಡಿಯ ಮನೆಯ ಜಗಲಿಯ ಮೇಲೆ ಶಾಂತನಾಗಿ ಕುಳಿತಿರುತ್ತಾನೆ. ಜೀನ್ ಹೇಗನ್ (೧೯೬೧) ಅಭಿನಯಿಸಿದ ವೇಗದ ಚಾಲಕಿ, ಬಿಲ್ ಬಿಕ್ಸ್‌ಬಿ (೧೯೬೨) ಅಭಿನಯಿಸಿದ ಶ್ರೀಮಂತನ ಪುಂಡ ಮಗ, ಇಬ್ಬರೂ ಇದೇ ದಾರಿಯವರು. ಬಡ್ಡಿ ಎಬ್ಸನ್ ೧೯೬೧ರಲ್ಲಿ ಅಲೆಮಾರಿಯಾಗಿ ಬಂದು ಬಾಲಕ ಓಪಿಯ ಮನಸ್ಸನ್ನು ಸೆಳೆಯುತ್ತಾರೆ. ಬಾರ್ಬರಾ ಈಡನ್ ೧೯೬೨ರಲ್ಲಿ ಉಗುರು ತಿದ್ದುವ ಕೆಲಸದವಳಾಗಿ ಫ್ಲಾಯ್ಡ್‌ನ ಅಂಗಡಿಗೆ ಬಂದು ಊರಿನ ಗಂಡಸರನ್ನು ಪೇಚಿಗೆ ಸಿಕ್ಕಿಸುತ್ತಾರೆ. 'ಈಸಿ ರೈಡರ್' (೧೯೬೯) ಚಿತ್ರದಿಂದ ಖ್ಯಾತರಾದ ಜಾಕ್ ನಿಕಲ್ಸನ್ ಅದಕ್ಕೆ ಮೊದಲು ಎರಡು ಕಂತುಗಳಲ್ಲಿ ಕಾಣಿಸಿಕೊಂಡರು. ೧೯೬೭ರ ಕಂತಿನಲ್ಲಿ ಅವರು ಕಳ್ಳತನದ ಆರೋಪಿ; ಪಂಚಾಯತದಾರರೆಲ್ಲರೂ ಅಪರಾಧಿಯೆಂದಾಗ ಬೀ ಅತ್ತೆಯೊಬ್ಬಳೇ ನಿರಪರಾಧಿಯೆಂದು ಹಟಹಿಡಿಯುತ್ತಾಳೆ.

ನಿವಾಸಿಗೂ ಅತಿಥಿಗೂ ನಡುವಣ ಗೆರೆ ಅಳಿಸಲಾಗದುದೇನಲ್ಲ. ೧೯೬೩ರಲ್ಲಿ ಒಂದೇ ಕಂತಿಗೆಂದು ಬಂದ ಅನೀಟಾ ಕಾರ್ಸೊ, ಶಾಲೆಯ ಉಪಾಧ್ಯಾಯಿನಿ ಹೆಲೆನ್ ಆಗಿ ಊರಿನಲ್ಲಿಯೇ ನೆಲೆಸಿದರು; ೧೯೬೮ರಲ್ಲಿ, ಮುಂದುವರಿದ ಮಾಲಿಕೆಯ ಮೊದಲ ಕಂತಿನಲ್ಲಿ, ಹೆಲೆನ್ ಆಂಡಿಯ ಪತ್ನಿಯಾದಳು. ಪೆಟ್ರೋಲು ಬಂಕಿನ ಮುಗ್ಧ ಗೋಮರ್ ಆಗಿ ೧೯೬೨ರ ಕೊನೆಯಲ್ಲಿ ಬಂದ ಜಿಮ್ ನೇಬರ್ಸ್ ೧೯೬೪ರ ವೇಳೆಗೆ ತಮ್ಮದೇ ಮಾಲಿಕೆಯ ನಾಯಕರಾದರು. ಇದಕ್ಕೆ ವಿರುದ್ಧವಾದ ಸಂಗತಿಯೂ ಉಂಟು. ೧೯೬೫ರಲ್ಲಿ ನಾಟ್ಸ್ ಚಲನಚಿತ್ರಗಳ ಕಡೆ ತಿರುಗಿದಾಗ ಬಾರ್ನಿಯು ರಾಲೆ ನಗರಕ್ಕೆ ಹೋದನೆಂದು ಕಥೆ ಹೊಂದಿಸಲಾಯಿತು. ಆ ಬಳಿಕ ಅವನು ತನ್ನ ಊರಿಗೆ ಅತಿಥಿಯಾಗಿ ಮಾತ್ರ ಬಂದನು. ನಾಟ್ಸ್ ಈ ಪಾತ್ರಕ್ಕಾಗಿ ಪಡೆದ ಐದು ಎಮ್ಮಿ ಪ್ರಶಸ್ತಿಗಳಲ್ಲಿ ಕೊನೆಯ ಎರಡು, ಹೀಗೆ ಅತಿಥಿಯಾಗಿ ಮರಳಿ ಬಂದುದಕ್ಕೆ ದೊರೆತವು.

ಬೆಟ್ಟದ ಜನರ ಸ್ಥಾನ ಬೇರೊಂದು ಬಗೆಯದು. ಡೆನ್ವರ್ ಪೈಲ್ ಅಭಿನಯಿಸಿದ ಬ್ರಿಸ್ಕೊ ಡಾರ್ಲಿಂಗ್ ಮತ್ತು ಅವನ ಮಕ್ಕಳು ಆರು ಕಂತುಗಳಲ್ಲಿ ಬಂದು ಹೋಗುತ್ತಾರೆ. ಗಂಡುಮಕ್ಕಳಾಗಿ ಬಂದವರು 'ದಿ ಡಿಲಾರ್ಡ್ಸ್' ಎಂಬ ನಿಜವಾದ ಸಂಗೀತ ತಂಡದವರು. ಕಿಟಕಿಗಳಿಗೆ ಕಲ್ಲೆಸೆಯುವ ಅರ್ನೆಸ್ಟ್ ಟಿ. ಬಾಸ್ ಆಗಿ ಹೋವರ್ಡ್ ಮಾರಿಸ್ ಬಂದುದು ಐದು ಕಂತುಗಳಲ್ಲಿ. ಇವರ ಹಾಡಿಗೆ ಊರು ತಲೆದೂಗುತ್ತದೆ. ಇವರು ಹೊರಟುಹೋದರೆ ನಿಟ್ಟುಸಿರು ಬಿಡುತ್ತದೆ.

೩. ಬಾಗಿಲಿನ ಹೊರಗೆ

ಈಗ ಮೂರನೆಯ ಪ್ರಶ್ನೆಗೆ ಬರೋಣ. ೧೯೬೦ರ ಫೆಬ್ರವರಿ ೧ರಂದು, ಅಂದರೆ ಮೇಬೆರಿ ಮೊದಲ ಬಾರಿಗೆ ತೆರೆಯ ಮೇಲೆ ಮೂಡುವುದಕ್ಕೆ ಎರಡು ವಾರ ಮುಂಚೆ, ಅದೇ ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೊ ಪಟ್ಟಣದಲ್ಲಿ ನಾಲ್ವರು ಆಫ್ರಿಕನ್-ಅಮೆರಿಕನ್ ವಿದ್ಯಾರ್ಥಿಗಳು ವುಲ್ವರ್ತ್ ಅಂಗಡಿಯಲ್ಲಿ ಬಿಳಿಯರಿಗೆ ಮೀಸಲಾದ ಊಟದ ಕಟ್ಟೆಯಲ್ಲಿ ಕುಳಿತು, ತಮಗೂ ಬಡಿಸಬೇಕೆಂದು ಕೇಳಿದರು. ಬಡಿಸಲಿಲ್ಲ, ಅವರು ಏಳಲೂ ಇಲ್ಲ. ಈ ಸತ್ಯಾಗ್ರಹ ದಕ್ಷಿಣದ ಅನೇಕ ಪಟ್ಟಣಗಳಿಗೆ ಹಬ್ಬಿತು. ಮೇಬೆರಿಗೆ ಮಾತ್ರ ಹಬ್ಬಲಿಲ್ಲ.

ಆ ಕಾಲದ ಉತ್ತರ ಕ್ಯಾರೊಲಿನಾದ ಜನಸಂಖ್ಯೆಯಲ್ಲಿ ಆಫ್ರಿಕನ್-ಅಮೆರಿಕನ್ನರು ಸುಮಾರು ಕಾಲು ಭಾಗ. ಮೇಬೆರಿಯ ಬೀದಿಯ ಗುಂಪಿನ ದೃಶ್ಯಗಳಲ್ಲಿ ಅಲ್ಲೊಬ್ಬ ಇಲ್ಲೊಬ್ಬರಂತೆ ಅವರು ಸುಳಿದು ಹೋಗುತ್ತಾರೆ, ಆದರೆ ಮಾತನಾಡುವುದಿಲ್ಲ. ೨೪೯ ಕಂತುಗಳಲ್ಲಿ ಹೆಸರೂ ಮಾತೂ ಇರುವ ಪಾತ್ರ ದೊರೆತದ್ದು ಒಬ್ಬರಿಗೇ. ೧೯೬೭ರ ಮಾರ್ಚ್ ೧೩ರಂದು ಪ್ರಸಾರವಾದ 'ಓಪೀಸ್ ಪಿಯಾನೊ ಲೆಸನ್' ಎಂಬ ಕಂತಿನಲ್ಲಿ ರಾಕ್ನೀ ಟಾರ್ಕಿಂಗ್ಟನ್ ಅವರು ಫ್ಲಿಪ್ ಕಾನ್ರಾಯ್ ಎಂಬ ನಿವೃತ್ತ ಫುಟ್ಬಾಲ್ ಆಟಗಾರನಾಗಿ ಅಭಿನಯಿಸಿದರು. ಓಪಿಗೆ ಆಟವೂ ಬೇಕು, ಪಿಯಾನೊ ಪಾಠವೂ ಬೇಕು. ಎರಡನ್ನೂ ಸಾಧಿಸಿದ ಕಾನ್ರಾಯ್ ಅವನಿಗೆ ದಾರಿ ತೋರಿಸುತ್ತಾನೆ. ಪಾತ್ರ ಗೌರವಯುತವಾದುದೆಂಬುದರಲ್ಲಿ ಸಂದೇಹವಿಲ್ಲ. ಇಲ್ಲಿ ಗಮನಿಸತಕ್ಕ ಅಂಶ ಬೇರೊಂದಿದೆ. ಕಥೆಯ ಪ್ರಕಾರ ಕಾನ್ರಾಯ್ ಆಗಂತುಕನಲ್ಲ. ತಂದೆಯ ವ್ಯವಹಾರಕ್ಕೆ ನೆರವಾಗಲು ಮೇಬೆರಿಗೆ ಮರಳಿದವನು. ಹಾಗಿದ್ದರೆ ಅವನ ತಂದೆ ಈ ಏಳು ವರ್ಷವೂ ಆ ಊರಿನಲ್ಲಿಯೇ ಇದ್ದನೆಂದಾಯಿತು. ಯಾವ ಬೀದಿಯಲ್ಲಿ ಅವನ ಮನೆ? ಫ್ಲಾಯ್ಡ್‌ನ ಅಂಗಡಿಯಲ್ಲಿ ಅವನಿಗೆ ಕ್ಷೌರವಾಗುತ್ತಿತ್ತೇ? ಅವನು ಮತ ಚಲಾಯಿಸುತ್ತಿದ್ದನೇ? ಮಾಲಿಕೆ ಈ ಪ್ರಶ್ನೆಗಳನ್ನು ಎತ್ತುವುದೇ ಇಲ್ಲ. ಮುಂದಿನ ವಾರಗಳಲ್ಲಿ ಕಾನ್ರಾಯ್ ಮತ್ತೆ ಕಾಣಿಸಿಕೊಳ್ಳುವುದೂ ಇಲ್ಲ. ಕಥೆಯಲ್ಲಿ ನಿವಾಸಿಯಾದವನು ಪಾತ್ರವರ್ಗದ ಪಟ್ಟಿಯಲ್ಲಿ ಅತಿಥಿಯಾಗಿಯೇ ಉಳಿದನು.

ಇದನ್ನು ಯಾವನೊಬ್ಬ ವ್ಯಕ್ತಿಯ ದ್ವೇಷವೆಂದು ತೀರ್ಮಾನಿಸುವುದು ಆತುರವಾದೀತು. ಮಾಲಿಕೆಯ ನಿರ್ಮಾಪಕರಲ್ಲೊಬ್ಬರಾದ ಷೆಲ್ಡನ್ ಲೆನರ್ಡ್ ಅವರೇ ೧೯೬೫ರಲ್ಲಿ 'ಐ ಸ್ಪೈ' ಎಂಬ ಮಾಲಿಕೆಯಲ್ಲಿ ಆಫ್ರಿಕನ್-ಅಮೆರಿಕನ್ ನಟ ಬಿಲ್ ಕಾಸ್ಬಿ ಅವರನ್ನು ಬಿಳಿಯ ನಟನಿಗೆ ಸಮಾನವಾದ ನಾಯಕನ ಸ್ಥಾನದಲ್ಲಿ ನಿಲ್ಲಿಸಿ ದೂರದರ್ಶನದ ರೂಢಿಯನ್ನು ಮುರಿದರು. ಹಾಗಾದರೆ ಮೇಬೆರಿಯಲ್ಲಿ ಏಕಾಗಲಿಲ್ಲ? 'ಐ ಸ್ಪೈ' ಕಥೆ ನಡೆಯುವುದು ದೂರದ ದೇಶಗಳಲ್ಲಿ. ಅಲ್ಲಿ ಇಬ್ಬರು ನಾಯಕರೂ ಪ್ರವಾಸಿಗಳೇ. ಮೇಬೆರಿಯಾದರೋ ಮನೆ, ಜಗಲಿ, ಶಾಲೆ, ಚರ್ಚು, ಸೆರೆಮನೆಗಳಿಂದ ಕೂಡಿದ ಊರು. ಅಲ್ಲಿ ಒಂದು ಆಫ್ರಿಕನ್-ಅಮೆರಿಕನ್ ಕುಟುಂಬವನ್ನು ನೆಲೆಗೊಳಿಸಿದ್ದರೆ, ಆ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆಂಬುದನ್ನು ಹೇಳಲೇಬೇಕಾಗುತ್ತಿತ್ತು. ಹೇಳಿದ್ದರೆ ಊರಿನ ಶಾಂತಿಗೆ ಕಾರಣವೇನೆಂಬ ಪ್ರಶ್ನೆ ಏಳುತ್ತಿತ್ತು. ಆ ಪ್ರಶ್ನೆ ಎದ್ದಮೇಲೆ ಒಂದು ಗುಂಡಿನ ವಿನೋದ ಮೊದಲಿನಂತೆ ನಗಿಸುತ್ತಿರಲಿಲ್ಲ. ೧೯೬೫ರ ಮಾರ್ಚ್ ೭ರಂದು ಅಲಬಾಮದ ಸೆಲ್ಮಾದಲ್ಲಿ ಮತದಾನದ ಹಕ್ಕಿಗಾಗಿ ನಡೆದು ಹೊರಟವರ ಮೇಲೆ ಸಂಸ್ಥಾನದ ಪೋಲೀಸರೊಂದಿಗೆ ಷೆರೀಫನ ಜನರೂ ಎರಗಿದುದನ್ನು ಪ್ರೇಕ್ಷಕರು ಇದೇ ದೂರದರ್ಶನದಲ್ಲಿ ಕಂಡಿದ್ದರು.

೪. ಉಪಸಂಹಾರ

ಮಾಲಿಕೆ ಮುಗಿದಾಗ ಅದು ಪ್ರೇಕ್ಷಕರ ಗಣನೆಯಲ್ಲಿ ಇಡೀ ದೇಶಕ್ಕೆ ಮೊದಲನೆಯ ಸ್ಥಾನದಲ್ಲಿತ್ತು. ಅದು ನಡೆದ ಕಾಲ ಸತ್ಯಾಗ್ರಹಗಳ, ರಾಜಕೀಯ ಕೊಲೆಗಳ, ವಿಯಟ್ನಾಂ ಯುದ್ಧದ ಕಾಲ. ಅಂಥ ಕಾಲದಲ್ಲಿ ದಣಿದ ಜನ ಮೇಬೆರಿಯನ್ನು ಹಂಬಲಿಸಿದರೆ ಅದನ್ನು ಹಾಸ್ಯಮಾಡಲಾಗದು. ಆ ಹಂಬಲ ಇಂದಿಗೂ ಆರಿಲ್ಲ. ಗ್ರಿಫಿತ್ ಅವರ ಹುಟ್ಟೂರಾದ ಮೌಂಟ್ ಏರಿಯಲ್ಲಿ ೧೯೯೦ರಲ್ಲಿ ಮೇಬೆರಿಯ ಹೆಸರಿನ ಉತ್ಸವ ಆರಂಭವಾಯಿತು. ಬೇವಿಯರ್ ಅವರು ೧೯೭೨ರಲ್ಲಿ ಉತ್ತರ ಕ್ಯಾರೊಲಿನಾದ ಸೈಲರ್ ಸಿಟಿಗೆ ಬಂದು ೧೯೮೯ರಲ್ಲಿ ನಿಧನರಾಗುವವರೆಗೆ ಅಲ್ಲಿಯೇ ನೆಲೆಸಿದರು. ಬೆಟ್ಟಿ ಲಿನ್ ಅವರೂ ೨೦೦೭ರಲ್ಲಿ ಮೌಂಟ್ ಏರಿಗೆ ಬಂದು ೨೦೨೧ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು. ಕ್ಯಾಲಿಫೋರ್ನಿಯಾದ ಚಿತ್ರಶಾಲೆಯಲ್ಲಿ ಕಟ್ಟಿದ ಊರಿನ ನಟಿಯರು ಹೀಗೆ ನಿಜವಾದ ಊರುಗಳ ನಿವಾಸಿಗಳಾದರು.

ಮೇಬೆರಿಯ ಸೌಜನ್ಯ ಸುಳ್ಳಲ್ಲ. ಪಾರ್ಶ್ವವಾಯು ಪೀಡಿತನಾದ ಕ್ಷೌರಿಕನಿಗೆ ಆಸರೆ ಕೊಟ್ಟದ್ದು ಆ ಸೌಜನ್ಯವೇ. ಅವಸರದ ವ್ಯಾಪಾರಿಗೆ, ಅಲೆಮಾರಿಗೆ, ಆರೋಪಿಗೆ ಅದು ಬಾಗಿಲು ತೆರೆಯಿತು. ಆದರೆ ತನ್ನದೇ ಸಂಸ್ಥಾನದ ಕಾಲು ಭಾಗದಷ್ಟು ಜನರಿಗೆ ಎಂಟು ವರ್ಷಗಳಲ್ಲಿ ಒಂದೇ ಒಂದು ಸಂಜೆ ಮಾತ್ರ ತೆರೆಯಿತು. ಆದುದರಿಂದ ಇಂಥ ಆಕರಗಳನ್ನು ಪರಿಶೀಲಿಸುವ ವಿದ್ಯಾರ್ಥಿ ಪಾತ್ರಗಳ ಪಟ್ಟಿಯಲ್ಲಿರುವ ಹೆಸರುಗಳನ್ನು ಓದಿದರೆ ಸಾಲದು. ಆ ಊರಿನ ಜನಗಣತಿಯ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಂಡು ಎರಡನ್ನೂ ತಾಳೆನೋಡಬೇಕು. ಕಾನ್ರಾಯ್‌ನ ತಂದೆ ತೆರೆಯ ಮೇಲೆ ಕಾಣಲಿಲ್ಲವೆಂಬ ಮಾತ್ರಕ್ಕೆ ಅವನು ಊರಿನಲ್ಲಿರಲಿಲ್ಲವೆಂದು ಬರೆಯುವ ಹಕ್ಕು ಇತಿಹಾಸಕಾರನಿಗಿಲ್ಲ.