ಇಪ್ಪತ್ತು ನಿಮಿಷ, ಒಂದು ಗಾಜಿನ ಕೊಳವೆ

ಇದು ಚನ್ನಬಸವಣ್ಣನ ಉಳವಿಯಲ್ಲ, ಅದು ಜೊಯಿಡಾದ ಕಾಡಿನೊಳಗಿದೆ. ಈ ಉಳವಿ ಸೊರಬ ತಾಲ್ಲೂಕಿನ ಹೋಬಳಿ. ಗದ್ದೆ, ಅಡಿಕೆ ತೋಟ, ಕಾನುಗಳ ಸೀಮೆ. ನಾಟಿಯ ಕೆಸರಿನಲ್ಲೋ ಸಂಜೆ ಹುಲ್ಲು ಕೊಯ್ಯುವಾಗಲೋ ‘ಕಾಲಿಗೆ ಏನೋ ಕಚ್ಚಿತು’ ಎಂದವರನ್ನು ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯುತ್ತಾರೆ, ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ. ಅಲ್ಲೂ ನಿಭಾಯಿಸಲಾಗದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ.

ಹೊರರೋಗಿ ವಿಭಾಗದ ವೈದ್ಯರು ‘ಏನು ಕಾಯಿಲೆ?’ ಎಂದು ಹುಡುಕುತ್ತಾರೆ. ತುರ್ತು ಚಿಕಿತ್ಸಾ ಘಟಕದಲ್ಲಿ ಆ ಪ್ರಶ್ನೆಯ ಸರದಿ ಆಮೇಲೆ. ಉಸಿರಿನ ದಾರಿ ತೆರೆದಿದೆಯೇ, ಉಸಿರಾಟ ಸಾಕಷ್ಟಿದೆಯೇ, ನಾಡಿ, ಬಿಪಿ ಹೇಗಿದೆ? ಇಷ್ಟು ನೋಡಿ, ಕೆಟ್ಟಿದ್ದನ್ನು ಆಗಲೇ ಸರಿಪಡಿಸಿ, ನಂತರ ಕಾಯಿಲೆಯ ಹೆಸರಿನ ಯೋಚನೆ. ಮೊದಲು ಬಂದವರಿಗೆ ಮೊದಲು ಎಂಬ ನ್ಯಾಯವೂ ಇಲ್ಲಿಲ್ಲ. ಜೋರಾಗಿ ಕೂಗಾಡುವವನ ಉಸಿರು ಸದ್ಯಕ್ಕೆ ಗಟ್ಟಿ ಇದೆ ಎಂದೇ ಲೆಕ್ಕ. ಮಾತಾಡದೆ ತೂಕಡಿಸುತ್ತಿರುವವನ ಬಳಿಗೆ ನರ್ಸ್ ಮೊದಲು ಹೋಗುತ್ತಾರೆ.

ಹಾವು ಕಡಿತದಲ್ಲಿ ಈ ಕ್ರಮ ಚೆನ್ನಾಗಿ ಕಾಣುತ್ತದೆ. ಸಂಬಂಧಿಕರು ಕೆಲವೊಮ್ಮೆ ಹಾವನ್ನೇ ಚೀಲದಲ್ಲಿ ಹಿಡಿದು ತರುತ್ತಾರೆ. ಅದು ಪೂರ್ತಿ ಸತ್ತಿರುತ್ತದೆ ಎಂಬ ಭರವಸೆಯಿಲ್ಲ, ವೈದ್ಯರಿಗೆ ಅದರ ಅಗತ್ಯವೂ ಇಲ್ಲ. ಹಾವಿನ ಗುರುತನ್ನು ರೋಗಿಯ ಮೈಯೇ ಹೇಳುತ್ತದೆ. ಕೊಳಕುಮಂಡಲ ಕಚ್ಚಿದರೆ ಬಾವು ಮೇಲೇರುತ್ತದೆ, ಒಸಡಿನಲ್ಲಿ ರಕ್ತ ಒಸರುತ್ತದೆ, ಮೂತ್ರ ಕೆಂಪಾಗುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ನಾಗರ, ಕಟ್ಟುಹಾವುಗಳ ವಿಷಕ್ಕೆ ರೆಪ್ಪೆ ಜೋತುಬೀಳುತ್ತದೆ, ನುಂಗಲು ಆಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಕಟ್ಟುಹಾವು ಬಲು ಮೋಸದ್ದು: ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಉರಿಯಿಲ್ಲ, ಎಷ್ಟೋ ಸಲ ಗುರುತೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು ಬಂದಾಗ ಮನೆಯವರು ಗ್ಯಾಸ್ ಎಂದುಕೊಳ್ಳುತ್ತಾರೆ. ಅನುಭವಿ ವೈದ್ಯರು ಮಾತ್ರ ‘ರಾತ್ರಿ ಎಲ್ಲಿ ಮಲಗಿದ್ರಿ?’ ಎಂದು ಕೇಳುತ್ತಾರೆ.

ವಿಷ ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸಿದೆಯೇ ಎಂದು ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ. ಹೊಸದಾದ, ಒಣಗಿದ ಗಾಜಿನ ಕೊಳವೆಯಲ್ಲಿ 2 ಮಿ.ಲೀ. ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಡಬೇಕು. ಸೋಪಿನ ಅಂಶ ಉಳಿದಿದ್ದರೂ ಫಲಿತಾಂಶ ಕೆಡುತ್ತದೆ. ಪ್ಲಾಸ್ಟಿಕ್ ಕೊಳವೆ ನಡೆಯುವುದಿಲ್ಲ. ‘ಬೇಗ ಇಂಜೆಕ್ಷನ್ ಕೊಡಿ ಡಾಕ್ಟ್ರೇ’ ಎಂಬ ಒತ್ತಾಯ ಹೆಚ್ಚುವುದು ಈ ಹೊತ್ತಿನಲ್ಲೇ. ಗಡಿಯಾರ ನೋಡಿ ಕೊಳವೆಯನ್ನು ಒಮ್ಮೆ ಓರೆ ಮಾಡುತ್ತಾರೆ. ರಕ್ತ ಹೆಪ್ಪುಗಟ್ಟಿ ಕೂತಿದ್ದರೆ ಸದ್ಯಕ್ಕೆ ಸಮಾಧಾನ, ಆದರೂ ಮತ್ತೆ ಮತ್ತೆ ನೋಡುತ್ತಲೇ ಇರಬೇಕು. ನೀರಿನಂತೆ ಹರಿದರೆ ಪ್ರತಿವಿಷ ಶುರು. ರೆಪ್ಪೆ ಆಗಲೇ ಜೋತಿದ್ದವರಿಗೆ ಮಾತ್ರ ಕೊಳವೆಯ ತೀರ್ಪಿಗೆ ಕಾಯುವುದಿಲ್ಲ.

ಆರಂಭಕ್ಕೆ ಸಾಮಾನ್ಯವಾಗಿ 8ರಿಂದ 10 ಸೀಸೆ. ಮಕ್ಕಳಿಗೂ ಅಷ್ಟೇ, ಮಗುವೆಂದು ಹಾವು ವಿಷ ಕಡಿಮೆ ಮಾಡಿರುವುದಿಲ್ಲ. ಪುಡಿಗೆ ನೀರು ಬೆರೆಸಿದ ಮೇಲೆ ಸೀಸೆಯನ್ನು ಕುಲುಕಬಾರದು, ನೊರೆ ಏಳುತ್ತದೆ. ಮೆಲ್ಲಗೆ ತಿರುಗಿಸಿ ಕರಗಿಸಿ ಡ್ರಿಪ್‌ಗೆ ಸೇರಿಸುತ್ತಾರೆ. ಕುದುರೆಯ ರಕ್ತದಿಂದ ತಯಾರಾದ ಮದ್ದಾದ್ದರಿಂದ ಕೆಲವರಿಗೆ ಮೈಯೆಲ್ಲ ದದ್ದು ಎದ್ದು ಬಿಪಿ ಕುಸಿಯುತ್ತದೆ. ಅದಕ್ಕೇ ಅಡ್ರಿನಲಿನ್ ತುಂಬಿದ ಸಿರಿಂಜ್ ಪಕ್ಕದಲ್ಲೇ ಸಿದ್ಧವಿರಬೇಕು. 6 ತಾಸಿನ ಬಳಿಕ ಮತ್ತೆ ಅದೇ ಕೊಳವೆ ಪರೀಕ್ಷೆ: ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಹೊಸದಾಗಿ ತಯಾರಿಸಲು ಅಷ್ಟು ಹೊತ್ತು ಬೇಕು. ಮಲೆನಾಡಿನ ಒಂದು ತೊಡಕೂ ಇದೆ. ನಮ್ಮ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳ ವಿಷಕ್ಕೆ ಮಾತ್ರ. ಇಲ್ಲಿನ ತೋಟ, ಕಾಡುಗಳ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ.

ವಿಷ ಏರದಿರಲೆಂದು ಬಿಗಿಯಾಗಿ ಕಟ್ಟಿಕೊಂಡು ಬಂದ ಹಗ್ಗವನ್ನು ಬಾಗಿಲಲ್ಲೇ ಸರಕ್ಕನೆ ಬಿಚ್ಚುವಂತೆಯೂ ಇಲ್ಲ. ತಡೆದು ನಿಂತಿದ್ದ ವಿಷ ಒಮ್ಮೆಲೇ ಮೈಗೆ ನುಗ್ಗಬಹುದು. ಸೂಜಿ ಹಾಕಿ, ಮದ್ದು ಸಿದ್ಧವಿಟ್ಟುಕೊಂಡು ಬಿಚ್ಚುತ್ತಾರೆ. ಮೊದಲೇ ಕಟ್ಟದಿದ್ದರೆ ಎಲ್ಲರಿಗೂ ಸುಲಭ.

ಜ್ವರದ ರೋಗಿಗೂ ಈ ಸೀಮೆಯಲ್ಲಿ ಬೇರೆಯದೇ ಪ್ರಶ್ನೆ ಉಂಟು. ಮಂಗನ ಕಾಯಿಲೆಗೆ ಜಗತ್ತಿನ ವೈದ್ಯಪುಸ್ತಕಗಳಲ್ಲಿ ಹೆಸರು ಕೊಟ್ಟ ಕ್ಯಾಸನೂರು ಕಾಡು ಇದೇ ಸೊರಬ ತಾಲ್ಲೂಕಿನದು. ವೈರಾಣು ಪತ್ತೆಯಾದದ್ದು 1957ರಲ್ಲಿ. ಹಾಗಾಗಿ ಚಳಿಗಾಲ, ಬೇಸಿಗೆಗಳಲ್ಲಿ ತೀವ್ರ ಜ್ವರ, ಮೈಕೈ ನೋವು ಎಂದು ಬಂದವರನ್ನು ‘ಕಾಡಿಗೆ ಹೋಗಿದ್ರಾ? ಉಣುಗು ಕಚ್ಚಿತ್ತಾ? ಹತ್ತಿರದಲ್ಲೆಲ್ಲಾದ್ರೂ ಮಂಗ ಸತ್ತಿತ್ತಾ?’ ಎಂದು ಕೇಳದೆ ಬಿಡುವಂತಿಲ್ಲ. ಆ ವೈರಾಣುವಿಗೇ ಗುರಿಯಿಡುವ ಮದ್ದು ಇನ್ನೂ ಬಂದಿಲ್ಲ. ಪ್ಲೇಟ್‌ಲೆಟ್ ಎಣಿಕೆ, ರಕ್ತಸ್ರಾವದ ಮೇಲೆ ಕಣ್ಣಿಟ್ಟು, ರಕ್ತದ ಮಾದರಿಯನ್ನು ಪರೀಕ್ಷೆಗೆ ಕಳಿಸಿ, ದ್ರವ ಕೊಡುತ್ತಾ ರೋಗಿಯನ್ನು ದಾಟಿಸಬೇಕು.

ಹಾವು ಕಚ್ಚಿದವರನ್ನು ಶಿವಮೊಗ್ಗಕ್ಕೆ ಕಳಿಸುವ ನಿರ್ಧಾರವೇ ಬಹುಶಃ ಎಲ್ಲಕ್ಕಿಂತ ಕಷ್ಟದ್ದು. ಪಕ್ಕದ ತಾಲ್ಲೂಕಾದ ಸಾಗರದಿಂದಲೇ ಅದು ಸುಮಾರು 70 ಕಿ.ಮೀ. ಕರ್ನಾಟಕದಲ್ಲಿ 2008ರಲ್ಲಿ ಶುರುವಾದ 108 ಆಂಬುಲೆನ್ಸ್ ಇದ್ದರೂ, ಉಸಿರು ಸೋಲುತ್ತಿರುವವನನ್ನು ಹಾಗೆಯೇ ಹತ್ತಿಸಿ ಕಳಿಸಿದರೆ ದಾರಿಯಲ್ಲೇ ಅನಾಹುತ. ಮೊದಲ ಕಂತಿನ ಪ್ರತಿವಿಷ ಇಲ್ಲೇ ಆಗಬೇಕು, ಬೇಕಾದರೆ ಗಂಟಲಿಗೆ ನಳಿಕೆ ಹಾಕಬೇಕು, ಆಂಬು ಬ್ಯಾಗ್ ಒತ್ತಿ ಉಸಿರು ಕೊಡುತ್ತಾ ಹೋಗಲು ಒಬ್ಬರು ಜೊತೆಗಿರಬೇಕು. ರೆಫರಲ್ ಚೀಟಿಯಲ್ಲಿ ಕಚ್ಚಿದ ಹೊತ್ತು, ಕೊಳವೆ ಪರೀಕ್ಷೆಯ ಹೊತ್ತು ಮತ್ತು ಫಲಿತಾಂಶ, ಕೊಟ್ಟ ಸೀಸೆಗಳ ಲೆಕ್ಕ ಬರೆದಿರಬೇಕು. ಮೆಗ್ಗಾನಿನವರು ಮುಂದಿನ ಪರೀಕ್ಷೆಯ ಗಂಟೆ ಎಣಿಸುವುದು ಅದನ್ನು ನೋಡಿಯೇ. ಹಾವು ಕಡಿತವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ 2024ರ ಫೆಬ್ರವರಿಯಲ್ಲಿ ಅಧಿಸೂಚನೆ ಹೊರಡಿಸಿದ ಮೇಲೆ, ಖಾಸಗಿ ಆಸ್ಪತ್ರೆಗಳೂ ಪ್ರಕರಣಗಳ ಲೆಕ್ಕ ಕೊಡಬೇಕಾಗಿದೆ.