ನಾಯಿಯ ಪ್ರಸವವೂ ಉಷ್ಣಮಾಪಕವೂ

ಚಿಕ್ಕಲಸಂದ್ರದಂತಹ ಬಡಾವಣೆಯಲ್ಲಿ ನಾಯಿ ಸಾಕಿದವರಿಗೆ, ಅದು ಬಸುರಾದೊಡನೆ ಹುಟ್ಟುವ ಪ್ರಶ್ನೆ ಒಂದೇ: ಮರಿ ಹಾಕುವುದು ಎಂದು? ಗರ್ಭದ ಅವಧಿ ಸುಮಾರು 63 ದಿನಗಳು. ಆದರೆ ಕೂಡಿದ ದಿನದಿಂದ ಎಣಿಸಿದರೆ 57ರಿಂದ 72ರವರೆಗೂ ವ್ಯತ್ಯಾಸ ಉಂಟು. ಏಕೆಂದರೆ ಗಂಡಿನ ವೀರ್ಯಾಣುಗಳು ಹೆಣ್ಣಿನ ಒಡಲಲ್ಲಿ ಹಲವು ದಿನ ಜೀವಿಸಬಲ್ಲವು. ನೆಲ ಕೆರೆಯುವುದು, ಮೂಲೆ ಹುಡುಕುವುದು, ಅನ್ನ ಬಿಡುವುದು ಇವೂ ಲಕ್ಷಣಗಳೇ. ಕೆಲವು ನಾಯಿಗಳು ಇವೊಂದನ್ನೂ ತೋರದೆ ಈಯುತ್ತವೆ.

ಅಳೆದು ತಿಳಿಯಬಹುದಾದ ಸೂಚನೆಯೆಂದರೆ ಮೈಯ ತಾಪ. ನಾಯಿಯ ಸಹಜ ತಾಪ ನಮ್ಮದಕ್ಕಿಂತ ಹೆಚ್ಚು: 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಗರ್ಭವನ್ನು ಕಾಪಾಡುವ ಪ್ರೊಜೆಸ್ಟೆರೋನ್ ಎಂಬ ಹಾರ್ಮೋನು, ಈಯಲು ಒಂದು ದಿನ ಇರುವಾಗ ಥಟ್ಟನೆ ತಗ್ಗುತ್ತದೆ. ಅದರೊಡನೆ ತಾಪವೂ 99ರ ಆಸುಪಾಸಿಗೆ ಇಳಿದು, ಕೆಲವು ಗಂಟೆಗಳಲ್ಲಿ ಮತ್ತೆ ಏರುತ್ತದೆ. ದಿನಕ್ಕೊಮ್ಮೆ ಅಳೆಯುವವರಿಗೆ ಈ ಇಳಿತ ಕಾಣದೆಯೇ ಹೋಗಬಹುದು. ಆದುದರಿಂದ ಕೊನೆಯ ವಾರದಲ್ಲಿ ದಿನಕ್ಕೆ 2–3 ಬಾರಿ, ಗುದದ್ವಾರದಲ್ಲಿ, ಗೊತ್ತಾದ ವೇಳೆಗೆ ಅಳೆದು ಬರೆದಿಡಬೇಕು.

ಹಳೆಯ ಪಾದರಸದ ಉಷ್ಣಮಾಪಕದಲ್ಲಿ ಇಲ್ಲೊಂದು ತೊಡಕುಂಟು. ಅದರ ಕೊಳವೆಯ ಕೊರಳು ಬಲು ಕಿರಿದು. ಏರಿದ ಪಾದರಸ ತಾನಾಗಿ ಇಳಿಯದು. ಕೊಡಹದೆ ಅಳೆದರೆ ನಿನ್ನೆಯ 101 ಇಂದೂ 101 ಆಗಿಯೇ ನಿಂತು, ನಾವು ಕಾಯುತ್ತಿದ್ದ ಇಳಿತವೇ ಮರೆಯಾಗುತ್ತದೆ! ಡಿಜಿಟಲ್ ಮಾಪಕಕ್ಕೆ ಈ ದೋಷವಿಲ್ಲ.

ತಾಪ ಇಳಿದು 24 ಗಂಟೆ ಕಳೆದರೂ ನೋವು ತೋರದಿದ್ದರೆ, ಅರ್ಧ ಗಂಟೆ ಬಲವಾಗಿ ತಿಣುಕಿದರೂ ಮರಿ ಬಾರದಿದ್ದರೆ ತಡಮಾಡಲಾಗದು. ಮೊದಲ ಮರಿಗೆ ಮುಂಚೆಯೇ ಹಸಿರು ದ್ರವ ಕಂಡಿತೋ, ಮಾಸು ಬಿಡಿಸಿಕೊಂಡಿದೆ, ಮರಿಗೆ ಪ್ರಾಣವಾಯು ತಪ್ಪುತ್ತಿದೆ ಎಂದರ್ಥ. ಹೆಬ್ಬಾಳದ ಪಶುವೈದ್ಯ ಕಾಲೇಜು ಚಿಕ್ಕಲಸಂದ್ರದವರಿಗೆ ನಗರದ ಇನ್ನೊಂದು ತುದಿ. ಸಮೀಪದ ಪಶುವೈದ್ಯರ ದೂರವಾಣಿ ಸಂಖ್ಯೆಯನ್ನು ತಾಪದ ಪಟ್ಟಿಯ ತಲೆಯಲ್ಲಿಯೇ ಬರೆದಿರಿಸುವುದು ಲೇಸು.